ಅಪ್ಪನ ವಾಚು ಪರ್ಸಿನಲ್ಲಿದ್ದರೆ ತಪ್ಪೇನು?

ಪ್ರಶ್ನೆ: ನನಗೆ 36 ವರ್ಷ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದೇನೆ. ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ನನ್ನ ತಂದೆ ಎರಡು ವರ್ಷಗಳ ಹಿಂದೆ ತೀರಿಕೊಂಡರು. ಅವರು ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚು ನನ್ನ ಬಳಿ ಇದೆ. ನಾನು ಅದನ್ನು ಕಟ್ಟಿಕೊಳ್ಳುವುದಿಲ್ಲ, ಪರ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ. ಮಾರ್ಚ್ ಕೊನೆಯ ಲೆಕ್ಕದ ದಿನಗಳಲ್ಲಿ, ತಪಾಸಣೆಯವರು ಬಂದು ಕೂತಾಗ, ಮೇಲಧಿಕಾರಿಗಳು ವಿಡಿಯೊ ಸಭೆಯಲ್ಲಿ ಎಲ್ಲರೆದುರು ಗದರಿಸಿದಾಗ ಅದನ್ನು ಹಿಡಿದುಕೊಂಡರೆ ಎದೆಬಡಿತ ಹತೋಟಿಗೆ ಬರುತ್ತದೆ. ಬೆಳಿಗ್ಗೆ ಅದಕ್ಕೆ ಕೀ ಕೊಡದೆ ಮನೆ ಬಿಡುವುದಿಲ್ಲ. ಯಜಮಾನರು ‘ಇನ್ನೂ ಸಣ್ಣ ಹುಡುಗಿಯೇ ನೀನು’ ಎಂದು ನಗುತ್ತಾರೆ. ಸತ್ತವರ ವಸ್ತುವನ್ನು ಹೀಗೆ ಜೊತೆಗಿಟ್ಟುಕೊಂಡು ತಿರುಗಬಾರದು ಎನ್ನುವುದು ಅತ್ತೆಯವರ ಮಾತು. ಕಳೆದ ತಿಂಗಳು ವಾಚನ್ನು ಮನೆಯಲ್ಲೇ ಮರೆತು ಹೊರಟಿದ್ದೆ. ನೆನಪಾದಾಗ ಅರ್ಧ ದಾರಿಯಿಂದ ಆಟೊ ತಿರುಗಿಸಿ, ಮನೆಗೆ ಬಂದು ತೆಗೆದುಕೊಂಡು ಹೋದೆ. ಸಭೆಗೆ ತಡವಾಗಿ ಮಾತು ಕೇಳಬೇಕಾಯಿತು. ಅಂದಿನಿಂದ ನನ್ನ ಬಗ್ಗೆ ನನಗೇ ಹೆದರಿಕೆ ಶುರುವಾಗಿದೆ. ಇದು ಕಾಯಿಲೆಯೇ? ಈಚೆಗೆ ವಾಚು ನಿಧಾನ ನಡೆಯುತ್ತಿದೆ. ರಿಪೇರಿಗೆ ಕೊಡಲೂ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಕಾಯಿಲೆ ಅಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇದೊಂದಕ್ಕಾಗಿ ನೀವು ಕೊನೆಯವರೆಗೆ ಕಾಯುವುದು ಬೇಡ. ತೀರಿಕೊಂಡ ತಂದೆಯ ಕೈಗಡಿಯಾರವನ್ನು ಜೊತೆಗಿಟ್ಟುಕೊಳ್ಳುವುದಾಗಲಿ, ಕಷ್ಟದ ಗಳಿಗೆಯಲ್ಲಿ ಅದನ್ನು ಮುಟ್ಟಿಕೊಳ್ಳುವುದಾಗಲಿ ತನ್ನಷ್ಟಕ್ಕೆ ಯಾವ ರೋಗದ ಲಕ್ಷಣವೂ ಅಲ್ಲ. ನಿಮ್ಮ ಪತ್ರದಲ್ಲಿ ನಾನು ತಡೆದು ಎರಡನೇ ಸಲ ಓದಿದ್ದು ಬೇರೆ ಸಾಲು, ಆಟೊ ತಿರುಗಿಸಿದ್ದು. ಅದರ ಬಗ್ಗೆ ಮಾತಾಡಲೇಬೇಕು. ಅದಕ್ಕೆ ಮೊದಲು, ಒಂದು ಹಳೆಯ ವಾಚು ಎದೆಬಡಿತವನ್ನು ಹೇಗೆ ಇಳಿಸುತ್ತದೆ ಎಂಬುದು ನಿಮಗೆ ತಿಳಿದಿರಲಿ. ಕಾರಣ ಗೊತ್ತಾದರೆ ನಾಚಿಕೆ ಅರ್ಧ ಕಡಿಮೆಯಾಗುತ್ತದೆ.

‘ಸಣ್ಣ ಹುಡುಗಿ’ ಎಂದು ನಿಮ್ಮ ಯಜಮಾನರು ತಮಾಷೆಗೆ ಹೇಳಿರಬಹುದು, ಆದರೆ ವಿಷಯ ಶುರುವಾಗುವುದು ಅಲ್ಲಿಂದಲೇ. ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಮನೋವಿಶ್ಲೇಷಕರೂ ಆಗಿದ್ದರು. ಮಕ್ಕಳು ಎಲ್ಲಿಗೆ ಹೋದರೂ ಎಳೆದುಕೊಂಡು ಹೋಗುವ ಹರಕು ಹೊದಿಕೆ, ಕಿವಿ ಕಿತ್ತುಹೋದ ಗೊಂಬೆ ಇವುಗಳ ಬಗ್ಗೆ ಅವರು 1951ರಲ್ಲಿ ಒಂದು ಪ್ರಬಂಧ ಮಂಡಿಸಿದರು. ತಾಯಿ ಕೋಣೆಯಿಂದ ಆಚೆ ಹೋದಾಗ ಮಗುವಿಗೆ ಲೋಕ ಬರಿದಾಗುತ್ತದೆ, ಆ ಖಾಲಿಯನ್ನು ದಾಟಲು ಅದು ತಾನೇ ಒಂದು ವಸ್ತುವನ್ನು ಆರಿಸಿಕೊಳ್ಳುತ್ತದೆ ಎಂದರು ಅವರು. ಆ ವಸ್ತು ತಾಯಿಯಲ್ಲ ಎಂಬುದು ಮಗುವಿಗೂ ಗೊತ್ತು. ಆದರೂ ಅದರಲ್ಲಿ ತಾಯಿಯ ಒಂದು ಪಾಲು ಇದೆ. ಅದನ್ನು ಒಗೆಯಲು ಹೊರಟರೆ ಮಗು ರಂಪ ಮಾಡುತ್ತದೆ. ಒಗೆದರೆ ಆ ಪಾಲು ಹೋಗುತ್ತದೆ ಎಂಬುದು ಅದರ ಲೆಕ್ಕ.

ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಪ್ರಸಿದ್ಧ. ಕ್ರೂರ ಪ್ರಯೋಗ ಅದು, ಇಂದು ಅಂಥದ್ದಕ್ಕೆ ಅನುಮತಿ ಸಿಗುವುದು ಕಷ್ಟ. ತಾಯಿಯಿಂದ ಬೇರೆ ಮಾಡಿದ ಕೋತಿ ಮರಿಗಳಿಗೆ ಎರಡು ಬೊಂಬೆ ತಾಯಂದಿರನ್ನು ಕೊಟ್ಟರು. ಒಂದು ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಹೊದಿಸಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದರೂ ಮರಿಗಳು ಹೊಟ್ಟೆ ತುಂಬಿದ ಮೇಲೆ ಬಟ್ಟೆಯ ತಾಯಿಗೇ ಹೋಗಿ ಅಂಟಿಕೊಂಡವು. ನಿಮಗೆ ನಾನು ಹೇಳಬೇಕೆಂದಿರುವುದು ಅದರ ಇನ್ನೊಂದು ಭಾಗ. ಮರಿಯನ್ನು ಹೊಸ ವಸ್ತುಗಳಿರುವ ಅಪರಿಚಿತ ಕೋಣೆಗೆ ಬಿಟ್ಟಾಗ, ಬಟ್ಟೆಯ ತಾಯಿ ಇಲ್ಲದಿದ್ದರೆ ಅದು ಮುದುರಿ ಮೂಲೆ ಸೇರುತ್ತಿತ್ತು. ಇದ್ದರೆ ಓಡಿಹೋಗಿ ಅಪ್ಪಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಕೆಳಗಿಳಿದು ಕೋಣೆಯನ್ನೆಲ್ಲ ತಡಕಿ ನೋಡುತ್ತಿತ್ತು. ನಾವು ಸಾಮಾನ್ಯವಾಗಿ ಮರೆಯುವ ಅಂಶ ಇದು. ಆಸರೆ ಸಿಕ್ಕ ಮರಿ ಆಸರೆಯಲ್ಲೇ ಕೂತಿರಲಿಲ್ಲ, ಅಲ್ಲಿಂದ ಎದ್ದು ಕೆಲಸಕ್ಕೆ ಹೋಯಿತು. ನೀವೂ ತಪಾಸಣೆಯ ದಿನ ವಾಚು ಮುಟ್ಟಿ, ಆಮೇಲೆ ಕಡತ ಬಿಚ್ಚಿ ಉತ್ತರ ಕೊಡುತ್ತೀರಿ.

ನಮ್ಮ ಮನೆಗಳಲ್ಲಿ ಇದು ವಿಚಿತ್ರವಾಗಿ ಕಾಣುವುದಕ್ಕೂ ಒಂದು ಕಾರಣವಿದೆ. ಇಟಲಿಯಲ್ಲಿ ಗಡ್ಡೀನಿ ದಂಪತಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಮ್ ನಗರದ ಮಕ್ಕಳಿಗಿಂತ ಹಳ್ಳಿಯ ಮಕ್ಕಳಲ್ಲಿ ಇಂಥ ಅಚ್ಚುಮೆಚ್ಚಿನ ವಸ್ತು ಬಹಳ ಕಡಿಮೆ ಕಂಡುಬಂತು. ಹಳ್ಳಿಯಲ್ಲಿ ಮಗು ತಾಯಿಯ ಮಗ್ಗುಲಲ್ಲೇ ಮಲಗುತ್ತಿತ್ತು, ವಸ್ತುವಿನ ಅಗತ್ಯ ಬೀಳುತ್ತಿರಲಿಲ್ಲ. ನಮ್ಮಲ್ಲೂ ಹಾಗೆಯೇ. ಹಳೆಯ ಹತ್ತಿ ಸೀರೆಯ ಜೋಲಿಯಲ್ಲಿ ತೂಗಿಸಿಕೊಂಡು, ರಾತ್ರಿ ಅವ್ವನ ಸೆರಗು ಹಿಡಿದು ಮಲಗಿದ ಮಕ್ಕಳಿಗೆ ಬೇರೆ ಗೊಂಬೆ ಏಕೆ ಬೇಕು? ಹಾಗಾಗಿ ದೊಡ್ಡವರೊಬ್ಬರು ಒಂದು ವಸ್ತುವನ್ನು ಹಿಡಿದುಕೊಂಡದ್ದನ್ನು ಕಂಡರೆ ನಮ್ಮವರಿಗೆ ನಗು ಬರುತ್ತದೆ. ಆದರೆ ಈಗ ಆ ಸೆರಗಿನ ಜನ ಗದಗದಲ್ಲಿ, ನೌಕರಿ ಹುಬ್ಬಳ್ಳಿಯಲ್ಲಿ. ದೂರ ಹೆಚ್ಚಿದಂತೆ ವಸ್ತುಗಳಿಗೆ ಕೆಲಸವೂ ಹೆಚ್ಚಿದೆ. ಜರ್ಮನಿಗೋ ಅಮೆರಿಕಕ್ಕೋ ಓದಲು ಹೊರಟ ಹುಡುಗ, ತೂಕ ನೋಡಿ ನೋಡಿ ತುಂಬಿದ ಸೂಟ್‌ಕೇಸಿನಿಂದ ಪುಸ್ತಕ ತೆಗೆದಿಟ್ಟು ಅಜ್ಜಿ ಹೊಲಿದ ಕೌದಿಯನ್ನು ತುರುಕುತ್ತಾನೆ. ಅಲ್ಲಿ ಬೆಚ್ಚಗಿನ ಹೊದಿಕೆ ಸಿಗುವುದಿಲ್ಲವೆಂದಲ್ಲ. ಆ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಅಂಚಿದೆ, ಅಜ್ಜನ ಧೋತರದ ತುಂಡಿದೆ, ಅವನ ಶಾಲೆಯ ಅಂಗಿಯ ಚೌಕವೂ ಎಲ್ಲೋ ಒಂದು ಮೂಲೆಯಲ್ಲಿದೆ.

ಆಪ್ತಸಲಹೆಗೆ ಬರುವವರ ಚೀಲ ಜೇಬುಗಳಿಂದ ಹೊರಬರುವ ವಸ್ತುಗಳನ್ನು ನೀವು ನೋಡಬೇಕು: ಅಜ್ಜಿಯ ಸುಣ್ಣದ ಡಬ್ಬಿ, ಅಡಕೊತ್ತು, ತಾಯಿಯ ಕೈಬರಹದಲ್ಲಿ ಸಾರಿನ ಪುಡಿಯ ಅಳತೆ ಬರೆದ ಎಣ್ಣೆಗಲೆಯ ಚೀಟಿ, ಅವಧಿ ಮುಗಿದ ಬಸ್ ಪಾಸು. ಇವನ್ನು ತೋರಿಸುವವರು ಹೆಚ್ಚಾಗಿ ದನಿ ತಗ್ಗಿಸಿ ‘ನಗಬೇಡಿ ಸರ್’ ಎಂದೇ ಶುರುಮಾಡುತ್ತಾರೆ. ನಿಮ್ಮ ಯಜಮಾನರ ಪರ್ಸನ್ನೂ ಒಮ್ಮೆ ಬಿಚ್ಚಿಸಿ ನೋಡಿ. ಅದರ ಹಿಂದಿನ ಮಡಿಕೆಯಲ್ಲಿ ಏನೂ ಇಲ್ಲದಿದ್ದರೆ ನನಗೆ ಬರೆಯಿರಿ.

ಬಂಧದ ಬಗ್ಗೆ ಮೂಲಭೂತ ಕೆಲಸ ಮಾಡಿದ ಜಾನ್ ಬೌಲ್ಬಿ ಎಂಬ ಮನೋವೈದ್ಯರ ನಿಲುವು ಹೀಗಿತ್ತು: ನಂಬಿದವರ ಹತ್ತಿರ ಇರಬೇಕು ಎಂಬ ಅಗತ್ಯ ತೊಟ್ಟಿಲಿನಲ್ಲಿ ಹುಟ್ಟಿ ಅಲ್ಲೇ ಮುಗಿಯುವುದಿಲ್ಲ, ಜೀವನಪೂರ್ತಿ ಜೊತೆಗಿರುತ್ತದೆ. ದೊಡ್ಡವರಾದಂತೆ ಆ ಹತ್ತಿರದ ರೂಪ ಬದಲಾಗುತ್ತದೆ, ಒಂದು ಫೋನ್ ಕರೆ, ಒಂದು ಪತ್ರ, ಒಂದು ಭಾವಚಿತ್ರ ಸಾಕಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ಇದನ್ನು ಪರೀಕ್ಷೆಗೇ ಒಡ್ಡಿದರು. 96 ಮಹಿಳೆಯರಲ್ಲಿ ಕೆಲವರಿಗೆ ಸಂಗಾತಿ ಉಟ್ಟ ಅಂಗಿಯನ್ನು, ಕೆಲವರಿಗೆ ಅಪರಿಚಿತನ ಅಂಗಿಯನ್ನು, ಉಳಿದವರಿಗೆ ಯಾರೂ ಉಡದ ಅಂಗಿಯನ್ನು ಮೂಸಲು ಕೊಟ್ಟು, ಆಮೇಲೆ ಅಣಕು ಸಂದರ್ಶನ, ಲೆಕ್ಕ ಇತ್ಯಾದಿಗಳಿಂದ ಒತ್ತಡಕ್ಕೆ ಗುರಿಮಾಡಿದರು. ಸಂಗಾತಿಯ ವಾಸನೆ ಕಂಡವರು ತಮಗೆ ಕಡಿಮೆ ಒತ್ತಡವಾಯಿತು ಎಂದರು. ಅಪರಿಚಿತನ ವಾಸನೆ ಸಿಕ್ಕವರಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿತು. ವಾಸನೆಗೆ ಇಂಥ ಬಲ ಬರಲು ಕಾರಣ ಮಿದುಳಿನ ರಚನೆಯಲ್ಲೇ ಇದೆ. ನೋಟ, ಶಬ್ದ, ಸ್ಪರ್ಶ ಎಲ್ಲವೂ ಥಲಾಮಸ್ ಎಂಬ ಕಟ್ಟೆ ಹಾಯ್ದು ಮುಂದೆ ಹೋಗುತ್ತವೆ. ವಾಸನೆ ಮಾತ್ರ ಆ ಕಟ್ಟೆ ಹತ್ತದೆ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹೆಚ್ಚುಕಡಿಮೆ ನೇರವಾಗಿ ತಲುಪುತ್ತದೆ. ನಿಮ್ಮ ವಾಚಿಗೆ ಹಳೆಯ ಚರ್ಮದ ಪಟ್ಟಿ ಇನ್ನೂ ಇದ್ದರೆ ಒಮ್ಮೆ ಮೂಗಿನ ಹತ್ತಿರ ಹಿಡಿಯಿರಿ, ನನ್ನ ಮಾತು ಅರ್ಥವಾಗುತ್ತದೆ. ಅಳು ಬಂದರೆ ಬರಲಿ.

ನಿಮ್ಮ ವಾಚಿನಲ್ಲಿ ಇನ್ನೊಂದು ವಿಶೇಷವಿದೆ. ಜನತಾ ಬ್ಯಾಟರಿಯ ವಾಚಲ್ಲ, ಕೀ ಕೊಡುವ ವಾಚು. ಒಮ್ಮೆ ಪೂರ್ತಿ ಕೀ ಕೊಟ್ಟರೆ ಸುಮಾರು ಒಂದೂವರೆ ದಿನ ಓಡುತ್ತದೆ, ಹಾಗಾಗಿ ದಿನಕ್ಕೊಮ್ಮೆ ಅದು ನಿಮ್ಮ ಕೈ ಬೇಡುತ್ತದೆ. ಬಲಬದಿಯ ಸಣ್ಣ ತಿರುಪನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಾಗ ಅದರ ಗೆರೆಗಳು ಚರ್ಮಕ್ಕೆ ಒತ್ತುತ್ತವೆ, ತಿರುಗಿಸಿದಂತೆ ಒಳಗಿನ ಹಲ್ಲುಗಳು ಕರ್ ಕರ್ ಎನ್ನುತ್ತವೆ, ಕೊನೆಕೊನೆಗೆ ಸ್ಪ್ರಿಂಗ್ ಬಿಗಿಯಾಗಿ ಬೆರಳಿಗೆ ‘ಸಾಕು’ ಎಂಬ ಅರಿವು ಬರುತ್ತದೆ. ಆಗ ನಿಲ್ಲಿಸದಿದ್ದರೆ ಸ್ಪ್ರಿಂಗ್ ಕೆಡುತ್ತದೆ ಎಂಬ ಎಚ್ಚರ ನಿಮ್ಮ ತಂದೆಯ ಬೆರಳಿಗೂ ಇತ್ತು. ಅದೇ ಜಾಗದಲ್ಲಿ, ಅದೇ ಒತ್ತಡದಲ್ಲಿ, ಅಷ್ಟೇ ಸುತ್ತು. ಇಷ್ಟು ಸಣ್ಣ ಕೆಲಸಕ್ಕೆ ಗಮನವೆಲ್ಲ ಬೆರಳ ತುದಿಗೆ ಬರಬೇಕು. ಗಾಬರಿಯಲ್ಲಿ ಮನಸ್ಸು ಮುಂದೇನಾಗುವುದೋ ಎಂದು ಓಡುತ್ತಿರುತ್ತದೆ. ಬೆರಳಿಗೆ ಸ್ಪಷ್ಟವಾದ ಕೆಲಸ ಸಿಕ್ಕರೆ ಅದು ಈ ಗಳಿಗೆಗೆ ಮರಳುತ್ತದೆ. ಗಾಬರಿಯ ಹೊತ್ತಿನಲ್ಲಿ ಸುತ್ತಲಿನ ಐದು ವಸ್ತುಗಳನ್ನು ನೋಡಿ, ನಾಲ್ಕನ್ನು ಮುಟ್ಟಿ ಎಂದು ನಾವು ಹೇಳಿಕೊಡುವ ಅಭ್ಯಾಸವೂ ಇದೇ ತತ್ವದ್ದು. ನೀವು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದೀರಿ. ಅದಕ್ಕೆ ಒಂದನ್ನು ಸೇರಿಸಿಕೊಳ್ಳಿ. ವಾಚು ಅಂಗೈಯಲ್ಲಿರುವಾಗ ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಹೃದಯದ ಬಡಿತ ಉಸಿರು ಬಿಡುವಾಗ ಸಹಜವಾಗಿಯೇ ಇಳಿಯುತ್ತದೆ. ಒಂದೆರಡು ನಿಮಿಷ ಸಾಕು.

‘ಅದೇ ಮಾದರಿಯ ವಾಚು ಬೇರೆ ಸಿಗುತ್ತದಲ್ಲ’ ಎಂದು ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ಸಿಗುತ್ತದೆ, ನಿಜ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಕಾರ್ಖಾನೆಯಿಂದ ಹೊರಟ ಎಚ್‌ಎಂಟಿ ವಾಚುಗಳು ಒಂದು ಕಾಲಕ್ಕೆ ದೇಶದ ಮಣಿಕಟ್ಟುಗಳನ್ನೆಲ್ಲ ಆಳಿದವು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಲ್ಲಿ ಮೇಷ್ಟ್ರಿಗೆ ಅದೇ ಉಡುಗೊರೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ವಾಚಿನ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು, ಆದರೆ ಹಳೆಯ ಜನತಾಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಆದರೂ ಅವುಗಳಲ್ಲಿ ಒಂದೂ ನಿಮಗೆ ಬೇಡ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಇಬ್ಬರು ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಒಂದು ತುಂಟ ಪ್ರಯೋಗವಿದೆ. ಯಾವುದೇ ವಸ್ತುವನ್ನು ಹಾಗೆಹಾಗೇ ನಕಲು ಮಾಡುವ ಯಂತ್ರ ಎಂದು ಮಕ್ಕಳಿಗೆ ಒಂದು ಪೆಟ್ಟಿಗೆ ತೋರಿಸಿದರು, ಒಳಗಿದ್ದದ್ದು ಬರೀ ಕಣ್ಕಟ್ಟು. ಸಾಧಾರಣ ಆಟಿಕೆಯ ನಕಲನ್ನು ಮಕ್ಕಳು ಸಂತೋಷದಿಂದ ತೆಗೆದುಕೊಂಡರು. ರಾತ್ರಿ ಅಪ್ಪಿ ಮಲಗುವ ತಮ್ಮ ಗೊಂಬೆಯ ವಿಷಯ ಬಂದಾಗ ಕೆಲವರು ಅದನ್ನು ಯಂತ್ರದೊಳಗೆ ಇಡಲಿಕ್ಕೇ ಬಿಡಲಿಲ್ಲ. ಇಟ್ಟವರಲ್ಲಿ ಹೆಚ್ಚಿನವರು ಮೂಲವನ್ನೇ ವಾಪಸ್ ಕೇಳಿದರು. ಯಾರ ಜೊತೆ ಎಷ್ಟು ಕಾಲ ಬಾಳಿತು ಎಂಬುದು ವಸ್ತುವಿನ ಆಕಾರದಲ್ಲಿ ಇರುವುದಿಲ್ಲ. ಆದರೆ ಬೆಲೆ ಬರುವುದು ಅದರಿಂದಲೇ.

ಈಗ ಆಟೊ ವಿಷಯಕ್ಕೆ ಬರೋಣ.

ಆಸ್ಟ್ರೇಲಿಯದ ಸ್ಟೀವ್ ವಾ ಅಜ್ಜ ಕೊಟ್ಟ ಕೆಂಪು ಕರವಸ್ತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಬ್ಯಾಟ್ ಮಾಡುತ್ತಿದ್ದರು. 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ವಿರುದ್ಧ ಅವರ ಕೊನೆಯ ಟೆಸ್ಟ್ ನಡೆದಾಗ ಇಡೀ ಕ್ರೀಡಾಂಗಣ ಕೆಂಪು ಕರವಸ್ತ್ರ ಬೀಸಿತು. ಕೊನೆಯ ಇನಿಂಗ್ಸ್‌ನಲ್ಲಿ 80 ರನ್ ಗಳಿಸಿ, ನಮ್ಮ ಅನಿಲ್ ಕುಂಬ್ಳೆಯ ಬೌಲಿಂಗ್‌ನಲ್ಲಿ ತೆಂಡೂಲ್ಕರ್ ಹಿಡಿದ ಕ್ಯಾಚಿಗೆ ಅವರು ಔಟಾದರು. ಕರವಸ್ತ್ರ ಜೇಬಿನಲ್ಲಿದ್ದರೂ ಕುಂಬ್ಳೆ ಬಿಡಲಿಲ್ಲ! ಅಜ್ಜನ ಕರವಸ್ತ್ರ ವಿಕೆಟ್ ಕಾಯುವುದಿಲ್ಲ. ಆಡುವವನ ಜೊತೆ ಮೈದಾನಕ್ಕೆ ಬರುತ್ತದೆ, ಅಷ್ಟೆ.

ಇಲ್ಲೇ ನಾನು ಒಂದು ಗೆರೆ ಎಳೆಯುತ್ತೇನೆ. ತಾಯತ ಬೇರೆ, ನೆನಪಿನ ವಸ್ತು ಬೇರೆ. ತಾಯತ ಫಲದ ಭರವಸೆ ಕೊಡುತ್ತದೆ: ಕಟ್ಟಿಕೊಂಡರೆ ಕೆಟ್ಟದ್ದು ತಟ್ಟುವುದಿಲ್ಲ, ಬಿಚ್ಚಿದರೆ ತಟ್ಟುತ್ತದೆ. ನೆನಪಿನ ವಸ್ತು ಯಾವ ಭರವಸೆಯನ್ನೂ ಕೊಡುವುದಿಲ್ಲ, ಜೊತೆ ಕೊಡುತ್ತದೆ. ಅದೇ ವಾಚು ಇಂದು ನೆನಪಿನ ವಸ್ತುವಾಗಿದ್ದು ನಾಳೆ ತಾಯತವಾಗಬಹುದು. ಯಾವಾಗ ಹಾಗಾಯಿತು ಎಂದು ತಿಳಿಯಲು ನಿಮ್ಮನ್ನೇ ಕೇಳಿಕೊಳ್ಳಿ. ಆಟೊದಲ್ಲಿ ಕೂತಾಗ ನಿಮ್ಮ ಮನಸ್ಸಿನಲ್ಲಿ ಬಂದದ್ದು ‘ಅಯ್ಯೋ, ಇವತ್ತು ಜೊತೆಗಿಲ್ಲವಲ್ಲ’ ಎಂಬ ಬೇಸರವೇ? ಅಥವಾ ‘ಅದಿಲ್ಲದೆ ಹೋದರೆ ಇವತ್ತು ಏನೋ ಆಗುತ್ತದೆ’ ಎಂಬ ಭಯವೇ? ಮೊದಲನೆಯದಾದರೆ ನೀವು ಬೇಸರದಿಂದಲೇ ಸಭೆಗೆ ಹೋಗಿರುತ್ತಿದ್ದಿರಿ. ಹಿಂದಿರುಗಿದ್ದೀರಿ ಎಂದರೆ ಎರಡನೆಯದು ಸ್ವಲ್ಪವಾದರೂ ಸೇರಿಕೊಂಡಿದೆ ಎಂದು ನನ್ನ ಅಂದಾಜು. ಹೆದರುವಂಥದ್ದೇನಲ್ಲ, ಆದರೆ ಈಗಲೇ ತಿದ್ದಿಕೊಳ್ಳುವುದು ಸುಲಭ.

ಅದೃಷ್ಟದ ವಸ್ತು ಜೊತೆಗಿದ್ದರೆ ಕೆಲಸವೇ ಚೆನ್ನಾಗಿ ಆಗುತ್ತದೆ ಎಂದು 2010ರಲ್ಲಿ ಜರ್ಮನಿಯ ಸಂಶೋಧಕರು ಹೇಳಿದ್ದರು. ಪತ್ರಿಕೆಗಳಲ್ಲಿ ಅದು ಬಹಳ ಓಡಾಡಿತು. 2014ರಲ್ಲಿ ಅದರಲ್ಲಿನ ಒಂದು ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಆ ಫಲ ಕಾಣಲಿಲ್ಲ. ಆದ್ದರಿಂದ ವಾಚು ನಿಮ್ಮನ್ನು ಒಳ್ಳೆಯ ಅಧಿಕಾರಿ ಮಾಡುತ್ತಿದೆ ಎಂದು ತಿಳಿಯಬೇಡಿ. ತಪಾಸಣೆಯಲ್ಲಿ ಉತ್ತರ ಕೊಟ್ಟವರು ನೀವು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಪಾಲ್ ಸಾಲ್ಕೊವ್ಸ್ಕಿಸ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಆತಂಕದ ರೋಗಿಗಳಲ್ಲಿ ಒಂದು ಬಲೆಯನ್ನು ಗುರುತಿಸಿದರು. ಅನಾಹುತ ತಪ್ಪಿಸಲೆಂದು ಮನುಷ್ಯ ಏನೋ ಒಂದು ಮಾಡುತ್ತಾನೆ, ಜೇಬಿನಲ್ಲಿ ಮಾತ್ರೆ ಇಟ್ಟುಕೊಳ್ಳುತ್ತಾನೆ, ಬಾಗಿಲ ಹತ್ತಿರವೇ ಕೂರುತ್ತಾನೆ. ಅನಾಹುತ ಹೇಗೂ ಆಗುವುದಿರಲಿಲ್ಲ, ಆಗುವುದಿಲ್ಲ. ಆದರೆ ಆ ಶ್ರೇಯಸ್ಸೆಲ್ಲ ಮಾತ್ರೆಗೆ, ಬಾಗಿಲಿಗೆ ಹೋಗುತ್ತದೆ, ತಾನೇ ನಿಭಾಯಿಸಿದೆ ಎಂಬುದು ಅವನಿಗೆ ಎಂದೂ ತಿಳಿಯುವುದಿಲ್ಲ.

ಇದರಿಂದ ಹೊರಬರಲು ವಾಚನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕಿಲ್ಲ. ಹಾಗೆ ಮಾಡಿ ಎನ್ನುವವರ ಮಾತು ಕೇಳಬೇಡಿ. ಬೆಳಿಗ್ಗೆ ಕೀ ಕೊಡುವುದನ್ನು ಎಂದಿನಂತೆ ಇಟ್ಟುಕೊಳ್ಳಿ. ಆದರೆ ವಾರದಲ್ಲಿ ಯಾವುದಾದರೂ ಹಗುರ ದಿನ ಆರಿಸಿ, ಕೀ ಕೊಟ್ಟು, ವಾಚನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿ. ಮರೆತು ಹೋಗುವುದಕ್ಕೂ ತಿಳಿದು ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಹೊರಡುವ ಮೊದಲು ಒಂದು ಚೀಟಿಯಲ್ಲಿ ‘ಇವತ್ತು ಅದಿಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ’ ಎಂಬುದನ್ನು ಬರೆದಿಡಿ. ನಾಚಿಕೊಳ್ಳದೆ ಬರೆಯಿರಿ, ಎಷ್ಟೇ ಪೆದ್ದುತನ ಅನ್ನಿಸಿದರೂ. ಸಂಜೆ ಬಂದು ಆದದ್ದನ್ನು ಪಕ್ಕದಲ್ಲಿ ಬರೆಯಿರಿ. ನಾಲ್ಕಾರು ಚೀಟಿ ಸೇರಿದ ಮೇಲೆ ಅರ್ಧ ದಿನದ ಸಭೆಗೆ, ಆಮೇಲೆ ಕಷ್ಟದ ದಿನಕ್ಕೆ ಹೀಗೆಯೇ ಮಾಡಿ ನೋಡಿ. ಕೊನೆಗೆ ವಾಚು ಜೊತೆಗೆ ಬರುವುದೂ ಬಾರದಿರುವುದೂ ನಿಮ್ಮ ಇಷ್ಟವಾಗಬೇಕು, ಆಟೊ ತಿರುಗಿಸುವ ಕಟ್ಟಳೆ ಆಗಬಾರದು. ಇದೇ ಮಾತನ್ನು ನಾನು ಪರೀಕ್ಷೆ ಬರೆಯುವ ಮಕ್ಕಳ ತಂದೆತಾಯಿಗೂ ಹೇಳುತ್ತೇನೆ. ನೀಟ್ ಪರೀಕ್ಷೆಯ ಕೊಠಡಿಗೆ ಕೈಗಡಿಯಾರವನ್ನೇ ಬಿಡುವುದಿಲ್ಲ. ಅಜ್ಜನ ವಾಚಿಲ್ಲದೆ ಕೈ ಆಡುವುದಿಲ್ಲ ಎಂಬ ಹುಡುಗನಿಗೆ ಅದು ಗೇಟಿನಲ್ಲಿ ತಿಳಿದರೆ ಬಹಳ ತಡವಾಗಿರುತ್ತದೆ. ಅಂಥ ಮಕ್ಕಳು ಅಭ್ಯಾಸ ಪರೀಕ್ಷೆಗಳನ್ನೇ ಬರಿಗೈಯಲ್ಲಿ ಬರೆಯುವುದು ಒಳ್ಳೆಯದು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನೂ ಕೇಳಬೇಕು. ತಂದೆಯ ಬಗ್ಗೆ ನೀವು ಯಾರ ಹತ್ತಿರ ಮಾತಾಡುತ್ತೀರಿ? ವಾಚಿನ ಬಗ್ಗೆ ಅಷ್ಟು ಬರೆದವರು ಅವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ಶೋಕದ ಕೆಲಸ ಎಂದು ಫ್ರಾಯ್ಡ್ 1917ರಲ್ಲಿ ಬರೆದಿದ್ದರು, ಬಹಳ ಕಾಲ ನಮ್ಮ ವೃತ್ತಿಯವರು ಅದನ್ನೇ ನಂಬಿ ‘ಮರೆಯಿರಿ, ಮುಂದೆ ಸಾಗಿ’ ಎನ್ನುತ್ತಿದ್ದರು. 1996ರ ಹೊತ್ತಿಗೆ ಡೆನಿಸ್ ಕ್ಲಾಸ್ ಮತ್ತಿತರರು ಈ ಮಾತನ್ನು ತಿರುಗಿಸಿ ಹಾಕಿದರು. ಬಂಧ ಕಡಿಯಬೇಕಿಲ್ಲ, ಹೊಸ ರೂಪದಲ್ಲಿ ಮುಂದುವರಿಯಬಹುದು, ಆರೋಗ್ಯವಂತರೂ ಹಾಗೆಯೇ ಮಾಡುತ್ತಾರೆ ಎಂದರು. ನನಗೆ ಈ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಆದರೆ ಒಂದು ಎಚ್ಚರವೂ ಇದೆ. ಸಂಗಾತಿಯನ್ನು ಕಳೆದುಕೊಂಡವರ ಮೇಲೆ ನೈಜೆಲ್ ಫೀಲ್ಡ್ ಮತ್ತು ಸಂಗಡಿಗರು ಮಾಡಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀರಿಕೊಂಡವರ ವಸ್ತುಗಳಿಂದಲೇ ಹೆಚ್ಚಾಗಿ ಸಮಾಧಾನ ಹುಡುಕಿದವರ ದುಃಖ ಕಾಲ ಕಳೆದಂತೆ ಅಷ್ಟಾಗಿ ಇಳಿಯಲಿಲ್ಲ. ಒಳ್ಳೆಯ ನೆನಪುಗಳ ಮೂಲಕ ಹತ್ತಿರವಿದ್ದವರ ಸ್ಥಿತಿ ಅದಕ್ಕಿಂತ ಮೇಲಿತ್ತು. ವಸ್ತು ಮೂಕವಾಗಿದ್ದರೆ ಭಾರ, ಅದರ ಕತೆ ಹೊರಬಂದರೆ ಹಗುರ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಆ ವಾಚನ್ನು ಅವರು ಯಾವಾಗ ಕೊಂಡರು, ಪ್ರಾರ್ಥನೆಯ ಗಂಟೆ ಹೊಡೆಸಲು ಅದನ್ನೇ ನೋಡುತ್ತಿದ್ದರೇ, ತಡವಾಗಿ ಬಂದ ಹುಡುಗರಿಗೆ ಏನೆನ್ನುತ್ತಿದ್ದರು? ತಾಯಿ ಇದ್ದರೆ ಅವರನ್ನು ಕೇಳಿ, ಒಡಹುಟ್ಟಿದವರಿದ್ದರೆ ಅವರಿಗೆ ಫೋನು ಮಾಡಿ. ಗೊತ್ತಿದ್ದದ್ದನ್ನು ಮಕ್ಕಳಿಗೆ ಹೇಳಿ. ಯಜಮಾನರಿಗೂ ಹೇಳಿ. ಕತೆ ಗೊತ್ತಿಲ್ಲದವರಿಗೆ ಅದು ಬರೀ ಹಳೆಯ ವಾಚು, ನಗು ಬರುವುದು ಸಹಜ.

ಎರಡು ವರ್ಷದ ಮೇಲೂ ದಿನದ ಬಹುಭಾಗ ತಂದೆಯ ಹಂಬಲದಲ್ಲೇ ಕಳೆಯುತ್ತಿದೆ, ಊಟ ನಿದ್ದೆ ಕೆಟ್ಟಿದೆ, ಅವರು ಹೋದದ್ದನ್ನು ನಂಬಲೇ ಆಗುತ್ತಿಲ್ಲ, ಬದುಕು ಬೇಡವೆನ್ನಿಸುತ್ತಿದೆ ಎಂಬ ಸ್ಥಿತಿಯಿದ್ದರೆ ಮಾತ್ರ ಅದು ಬೇರೆ ವಿಷಯ. ಅದಕ್ಕೆ ದೀರ್ಘಕಾಲದ ಶೋಕ ಎಂಬ ಪ್ರತ್ಯೇಕ ರೋಗನಿದಾನವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ ಕನಿಷ್ಠ ಆರು ತಿಂಗಳು, ಅಮೆರಿಕದ ಮನೋವೈದ್ಯರ 2022ರ ಪಟ್ಟಿಯ ಪ್ರಕಾರ ದೊಡ್ಡವರಲ್ಲಿ ಕನಿಷ್ಠ ಒಂದು ವರ್ಷ ಅಂಥ ತೀವ್ರತೆ ಇರಬೇಕು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಇದ್ದು ಬರೆಯದೆ ಬಿಟ್ಟಿದ್ದರೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮನೆಯಲ್ಲಿ ಜಗಳ ಹುಟ್ಟಿಸಬೇಡಿ. ಸತ್ತವರ ಹಾಸಿಗೆ, ಉಟ್ಟ ಬಟ್ಟೆಗಳನ್ನು ಹೊರಗೆ ಹಾಕುವ ಅಥವಾ ಕೊಟ್ಟುಬಿಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಅದರಲ್ಲಿ ಒಂದು ವಿವೇಕವೂ ಇದೆ, ಮನೆಯ ಪ್ರತಿ ಮೂಲೆಯಲ್ಲೂ ಹೋದವರು ಕಣ್ಣಿಗೆ ಬೀಳುತ್ತಿದ್ದರೆ ಇರುವವರು ಏಳುವುದು ಕಷ್ಟ. ಆದರೆ ಆ ಪದ್ಧತಿ ಎಲ್ಲ ವಸ್ತುಗಳಿಗೂ ಅನ್ವಯಿಸಿದ್ದನ್ನು ನಾನು ಕಂಡಿಲ್ಲ. ಅಜ್ಜಿಯ ಬಂಗಾರದ ಬೋರಮಾಳವನ್ನು ತಿಥಿಯ ದಿನ ಯಾರಾದರೂ ದಾನ ಕೊಟ್ಟದ್ದುಂಟೇ? ಸೊಸೆಯ ಕೊರಳಿಗೆ ಬರುತ್ತದೆ, ಎಲ್ಲರೂ ‘ಹಿರಿಯರ ಆಶೀರ್ವಾದ’ ಎನ್ನುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಫೋಟೊದ ಮುಂದೆ ಹೊಸ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ, ಎಲೆಯಡಿಕೆ ಇಟ್ಟು ಎಡೆ ಹಾಕುವ ಮನೆಗಳು ಎಷ್ಟಿಲ್ಲ? ಹೋದವರಿಗೂ ವಸ್ತುಗಳಿಗೂ ನಂಟು ಇರಲಿ ಎಂದೇ ನಮ್ಮ ಹಿರಿಯರು ಒಂದು ದಿನ ಇಟ್ಟರು. ನಿಮ್ಮ ಅತ್ತೆಯವರಿಗೆ ವಾದ ಬೇಡ. ವಾಚನ್ನು ಅವರ ಕೈಗೇ ಕೊಟ್ಟು, ‘ಅತ್ತೆ, ಇದನ್ನು ಅಪ್ಪ ಹೀಗೆ ಕಟ್ಟುತ್ತಿದ್ದರು’ ಎಂದು ಹೇಳಿ ನೋಡಿ. ಅವರೂ ತಮ್ಮ ತವರಿನದೊಂದು ವಸ್ತುವನ್ನು ಟ್ರಂಕಿನ ತಳದಿಂದ ತೆಗೆದು ತೋರಿಸಿದರೆ ನನಗೆ ಆಶ್ಚರ್ಯವಿಲ್ಲ.

ರಿಪೇರಿಗೆ ಕೊಡಿ. ಇದರಲ್ಲಿ ಅನುಮಾನವೇ ಬೇಡ. ಕೀ ಕೊಡುವ ವಾಚಿನೊಳಗಿನ ಎಣ್ಣೆ ಕೆಲವು ವರ್ಷಗಳಲ್ಲಿ ಒಣಗುತ್ತದೆ, ಒಣಗಿದ ಮೇಲೂ ಓಡಿಸಿದರೆ ಹಲ್ಲುಗಳು ಸವೆಯುತ್ತವೆ. ನಿಧಾನ ನಡೆಯುತ್ತಿರುವುದು ಬಹುಶಃ ಅದಕ್ಕೇ. ರಿಪೇರಿ ಮಾಡಿಸಿದರೆ ಅಪ್ಪನ ವಾಚು ಅಪ್ಪನದಾಗಿ ಉಳಿಯುವುದಿಲ್ಲ ಎಂಬುದು ನಿಮ್ಮ ಅಳುಕು. ಆದರೆ ಅವರೂ ಅದನ್ನು ಗದಗಿನ ಯಾವುದೋ ಸಣ್ಣ ಅಂಗಡಿಯಲ್ಲಿ ಬಿಚ್ಚಿಸಿ ಎಣ್ಣೆ ಹಾಕಿಸಿಯೇ ಇರುತ್ತಾರೆ, ಪಟ್ಟಿ ಬದಲಿಸಿರುತ್ತಾರೆ. ಕಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಹಳಬರೊಬ್ಬರನ್ನು ಹುಡುಕಿ, ಇಷ್ಟು ಹೇಳಿ: ಒಳಗೆ ತೊಳೆದು ಎಣ್ಣೆ ಹಾಕಿ, ಮುಖದ ಬಿಲ್ಲೆಗೆ ಹೊಸ ಬಣ್ಣ ಬೇಡ, ಗಾಜಿನ ಗೀರುಗಳನ್ನು ಉಜ್ಜಬೇಡಿ, ಬದಲಿಸಿದ ಭಾಗವಿದ್ದರೆ ಹಳೆಯದನ್ನು ಚೀಟಿಯಲ್ಲಿ ಕಟ್ಟಿ ಕೊಡಿ. ಅದು ಅಂಗಡಿಯಲ್ಲಿರುವ ದಿನಗಳನ್ನೇ ನಿಮ್ಮ ಚೀಟಿಯ ಅಭ್ಯಾಸಕ್ಕೂ ಬಳಸಿಕೊಳ್ಳಬಹುದು. ವಾಪಸ್ ಬಂದ ಮೇಲೆ ಪರ್ಸಿನಲ್ಲಿ ಕೀಲಿಗೊಂಚಲು, ನಾಣ್ಯಗಳ ಜೊತೆ ಬಿಡಬೇಡಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ. ಮಳೆಯಲ್ಲಿ ಹುಷಾರು, ಆ ವಾಚಿಗೆ ನೀರು ಆಗುವುದಿಲ್ಲ. ಎಣ್ಣೆ ಹಾಕಿಸಿದ ಮೇಲೂ ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬಿದ್ದರೆ ರಿಪೇರಿಯವರನ್ನು ಪೀಡಿಸಬೇಡಿ, ಸಭೆಯ ಸಮಯಕ್ಕೆ ಮೊಬೈಲ್ ಇದೆ.